ಕವ್ವಾಯಿ ಕೆಸರಿನ ಪುಟ್ಟ ಕಡಲಹುಲ್ಲು ತೋಟದ ಕೆರೆಯಲ್ಲಿ ಬದುಕೀತೇ?

ಪ್ರಶ್ನೆ: ಭಾಗಮಂಡಲ ಸಮೀಪದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ನಾನು. ಜನವರಿಯಲ್ಲಿ ಕರಿಕೆ–ಪಾಣತ್ತೂರು ದಾರಿಯಾಗಿ ಮಕ್ಕಳನ್ನು ಉತ್ತರ ಕೇರಳದ ಕವ್ವಾಯಿ ಹಿನ್ನೀರಿಗೆ ಕರೆದುಕೊಂಡು ಹೋಗಿದ್ದೆವು. ನೀರು ಇಳಿದಾಗ ಕೆಸರಿನ ಮೇಲೆ ಒಂದೆರಡು ಸೆಂಟಿಮೀಟರ್ ಎತ್ತರದ ಹಸಿರು ಎಲೆಗೊಂಚಲುಗಳು ಒತ್ತೊತ್ತಾಗಿ ಕಂಡವು. ದೋಣಿಯವರು ಪಾಚಿ ಎಂದರು, ಜೊತೆಗಿದ್ದ ಸಹೋದ್ಯೋಗಿ ಕಡಲಹುಲ್ಲು ಎಂದರು. ಯಾವುದು ಸರಿ? ಉಪ್ಪುನೀರಿನಲ್ಲಿ ಅದು ಬದುಕುವುದು ಹೇಗೆ? ನಮ್ಮ ತೋಟದ ಕೆರೆಗೆ ಉಪ್ಪು ಹಾಕಿ ಬೆಳೆಸಿ ಮಕ್ಕಳಿಗೆ ತೋರಿಸಬಹುದೇ? ಕೊಡಗಿನ ಹೊಳೆಗಳಿಗೂ ಅದಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಕೆರೆಯ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಬೇಡ. ಗಿಡವೂ ಬದುಕುವುದಿಲ್ಲ, ಕೆರೆಯೂ ಕೆಡುತ್ತದೆ. ಲೆಕ್ಕ ಮುಂದೆ ಕೊಟ್ಟಿದೆ. ಹೊಳೆಯ ಸಂಬಂಧ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ಕವ್ವಾಯಿ ಹಿನ್ನೀರಿಗೆ ಬಂದು ಸೇರುವ ತೇಜಸ್ವಿನಿ, ಅಂದರೆ ಕಾರ್ಯಂಗೋಡು ಹೊಳೆ, ಹುಟ್ಟುವುದು ನಿಮ್ಮ ಪಡಿನಾಲ್ಕುನಾಡಿನ ಕಾಡಿನಲ್ಲಿ.

ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಎತ್ತರ, ಗೊಂಚಲು, ನೀರಿಳಿದಾಗ ಬಯಲಾಗುವ ಕೆಸರು, ಈ ಮೂರೂ ಸೇರಿದರೆ ಆ ಭಾಗದಲ್ಲಿ ಮೊದಲು ನೆನಪಿಗೆ ಬರಬೇಕಾದ ಹೆಸರು ಹ್ಯಾಲೋಫಿಲಾ ಬೆಕ್ಕಾರಿ. ಬೋರ್ನಿಯೋದ ಸರವಾಕ್‌ನಲ್ಲಿ ಇದನ್ನು ಸಂಗ್ರಹಿಸಿದವರು ಇಟಲಿಯ ಸಸ್ಯಶಾಸ್ತ್ರಜ್ಞ ಒಡೊಆರ್ಡೊ ಬೆಕ್ಕಾರಿ. 1871ರಲ್ಲಿ ಅವರ ಹೆಸರನ್ನೇ ಇದಕ್ಕೆ ಇಟ್ಟವರು ಜರ್ಮನಿಯ ಪಾಲ್ ಆಶರ್ಸನ್. ಗೋವಾದ ಮಾಂಡೋವಿ ಅಳಿವೆಯಿಂದ (ಹೊಳೆ ಕಡಲು ಸೇರುವ ಜಾಗ) 1977ರಲ್ಲಿ ಇದರ ವರದಿ ಪ್ರಕಟವಾಯಿತು. ಕೇರಳದಲ್ಲಿ ಕುಂಬಳೆ, ಕವ್ವಾಯಿ, ಕಡಲುಂಡಿ ಅಳಿವೆಗಳಲ್ಲಿಯೂ ಪೂರ್ವದಲ್ಲಿ ಚಿಲಿಕಾ ಸರೋವರದಲ್ಲಿಯೂ ಇದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿ ಇದನ್ನು ಅಳಿವಿನ ಅಪಾಯಕ್ಕೆ ಒಳಗಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿಸಿದೆ. ಕಡಲಹುಲ್ಲುಗಳಲ್ಲಿ ಹೆಚ್ಚಿನವುಗಳಿಗೆ ಆ ಸ್ಥಿತಿ ಬಂದಿಲ್ಲ. ಇದಕ್ಕೆ ಬಂದದ್ದಕ್ಕೆ ಕಾರಣ ಇದು ಆರಿಸಿಕೊಂಡ ಜಾಗ. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ತೆರೆದುಕೊಳ್ಳುವ ಕೆಸರುಬಯಲನ್ನೇ ಜನ ಸಿಗಡಿ ಕೊಳಕ್ಕೆ, ಜೆಟ್ಟಿಗೆ, ಮಣ್ಣು ತುಂಬಿ ಕಟ್ಟಡಕ್ಕೆ ಆರಿಸಿಕೊಳ್ಳುತ್ತಾರೆ.

ಪಾಚಿಯೋ ಹುಲ್ಲೋ ಎಂದು ತೀರ್ಮಾನಿಸಲು ಕೀಳಬೇಕಾದ ಅಗತ್ಯವಿಲ್ಲ. ದಡಕ್ಕೆ ತೇಲಿಬಂದ ಒಂದು ಎಳೆ ಸಾಕು. ಬಿಳಿ ತಟ್ಟೆಯಲ್ಲಿ ಬೆರಳ ದಪ್ಪ ನೀರು ಹಾಕಿ, ಎಳೆಯನ್ನು ಅಲ್ಲಾಡಿಸಿ ಕೆಸರು ಬಿಡಿಸಿ, 10 ಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ ನೋಡಿ. ಬಿಳಿ ದಾರದಂಥ ಬೇರುಕಾಂಡ ಅಡ್ಡಕ್ಕೆ ಹೋಗಿರಬೇಕು, ಅದರಲ್ಲಿ ಗೆಣ್ಣುಗಳಿರಬೇಕು. ಗೆಣ್ಣಿಗೆ ಒಂದು ಬೇರು ಕೆಳಕ್ಕೆ, ಒಂದೆರಡು ಸೆಂಟಿಮೀಟರಿನ ಒಂದು ಚಿಗುರುಕಡ್ಡಿ ಮೇಲಕ್ಕೆ. ಆ ಕಡ್ಡಿಯ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿದ 6ರಿಂದ 10 ಎಲೆಗಳು. ಎಲೆ ಈಟಿಯಾಕಾರದ್ದು, ಉದ್ದ ಸುಮಾರು 1 ಸೆಂ.ಮೀ., ಅಗಲ 1ರಿಂದ 2 ಮಿ.ಮೀ. ನಡುನರವೊಂದು, ಅಂಚಿನ ಗುಂಟ ಎರಡು ನರ, ಅವನ್ನು ಜೋಡಿಸುವ ಅಡ್ಡನರಗಳು ಇಲ್ಲ. ಈ ಕೊನೆಯ ಗುರುತನ್ನು ಬಿಡಬೇಡಿ, ಏಕೆಂದರೆ ಇದರ ದಾಯಾದಿ ಹ್ಯಾಲೋಫಿಲಾ ಓವಾಲಿಸ್‌ನಲ್ಲಿ ಅಡ್ಡನರಗಳು ಸ್ಪಷ್ಟವಾಗಿ ಕಾಣುತ್ತವೆ. ಅದರ ಎಲೆ ಅಂಡಾಕಾರದ್ದು, ಗೆಣ್ಣಿನಿಂದ ನೇರವಾಗಿ ಜೋಡಿಯಾಗಿ ಹೊರಡುತ್ತದೆ. ಎಲೆ ಕಿರಿದಾದ ರಿಬ್ಬನ್ನಿನಂತಿದ್ದು ತುದಿಯಲ್ಲಿ ಮೂರು ಹಲ್ಲು ಕಂಡರೆ ಅದು ಹ್ಯಾಲೋಡ್ಯೂಲ್ ಇರಬಹುದು. ಗೆಣ್ಣೂ ಇಲ್ಲ, ಬೇರೂ ಇಲ್ಲ, ಬೆರಳಿಗೆ ಲೋಳೆಯಾಗಿ ಜಾರುವ ಹಸಿರು ಕೊಳವೆಯೋ ಹಾಳೆಯೋ ಆದರೆ ಅದು ಉಲ್ವಾ ಎಂಬ ಪಾಚಿ. ದೋಣಿಯವರನ್ನು ದೂರುವಂತಿಲ್ಲ, ಈ ಹುಲ್ಲಿನ ಹಾಸಿನ ಮೇಲೆಯೇ ಉಲ್ವಾ ಹೊದ್ದುಕೊಂಡಿರುವುದು ಸಾಮಾನ್ಯ.

ಕಡಲಹುಲ್ಲುಗಳು ಭತ್ತ, ಬಿದಿರಿನ ಕುಟುಂಬಕ್ಕೆ ಸೇರಿದವಲ್ಲ. ನೆಲದ ಮೇಲಿದ್ದ ಹೂಬಿಡುವ ಸಸ್ಯಗಳ ವಂಶದಿಂದ ಕನಿಷ್ಠ ಮೂರು ಬಾರಿ ಬೇರೆಬೇರೆಯಾಗಿ ಕಡಲಿಗೆ ಇಳಿದ ಏಕದಳ ಸಸ್ಯಗಳು ಇವು. ಪ್ರಪಂಚದಲ್ಲಿ ಸುಮಾರು 70 ಪ್ರಭೇದಗಳಿವೆ. ಹ್ಯಾಲೋಫಿಲಾದ ಕುಟುಂಬ ಹೈಡ್ರೋಕ್ಯಾರಿಟೇಸಿ, ಮತ್ತು ಆ ಕುಟುಂಬದವರು ನಿಮ್ಮ ಮನೆ ಹತ್ತಿರವೇ ಇದ್ದಾರೆ: ಕೆರೆಯಲ್ಲಿ ಒತ್ತಾಗಿ ಬೆಳೆಯುವ ಹೈಡ್ರಿಲ್ಲಾ, ನಿಧಾನ ಹರಿವಿನ ನೀರಿನಲ್ಲಿ ಪಟ್ಟಿಯಂತೆ ತೊನೆಯುವ ವ್ಯಾಲಿಸ್ನೇರಿಯಾ, ನೀರು ನಿಂತ ಗದ್ದೆಯಲ್ಲಿ ನಾಟಿಯ ಸಾಲುಗಳ ನಡುವೆ ಹುಟ್ಟುವ ಬ್ಲಿಕ್ಸಾ ಮತ್ತು ಒಟ್ಟೇಲಿಯಾ. ಮಕ್ಕಳಿಗೆ ಪಾಠ ಮಾಡಲು ಇದು ದೊಡ್ಡ ಅನುಕೂಲ.

ಇನ್ನು ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಸಾಮಾನ್ಯ ಗಿಡವನ್ನು ಅದರಲ್ಲಿಟ್ಟರೆ ಜೀವಕೋಶದ ನೀರು ಹೊರಗೆ ಎಳೆದುಹೋಗಿ ಕೋಶಪೊರೆ ಗೋಡೆಯಿಂದ ಕಿತ್ತು ಬರುತ್ತದೆ. ಕಡಲಹುಲ್ಲು ಸೋಡಿಯಂ ಅನ್ನು ಪೊರೆಯಿಂದ ಆಚೆಗೆ ತಳ್ಳುತ್ತದೆ, ಒಳಬಂದದ್ದನ್ನು ಕೋಶದ ರಸಧಾನಿಯಲ್ಲಿ ಕೂಡಿಹಾಕುತ್ತದೆ, ಕೋಶರಸದಲ್ಲಿ ಸಕ್ಕರೆ, ಅಮೈನೋ ಆಮ್ಲಗಳಂಥ ಸಾವಯವ ಕಣಗಳನ್ನು ತುಂಬಿಕೊಂಡು ಹೊರಗಿನ ಎಳೆತಕ್ಕೆ ಸಮ ನಿಲ್ಲುತ್ತದೆ. ಎಲೆಯಲ್ಲಿ ಪತ್ರರಂಧ್ರಗಳೇ ಇಲ್ಲ. 2016ರಲ್ಲಿ ಜೋಸ್ಟೆರಾ ಮರಿನಾ ಎಂಬ ಕಡಲಹುಲ್ಲಿನ ಜೀನೋಮ್ ಓದಿದಾಗ, ಪತ್ರರಂಧ್ರ ಕಟ್ಟಲು ಬೇಕಾದ ಜೀನ್‌ಗಳೇ ಕಳೆದುಹೋಗಿರುವುದು ಕಂಡುಬಂತು. ಅನಿಲಗಳೂ ಪೋಷಕಾಂಶಗಳೂ ಎಲೆಯ ತೆಳುಚರ್ಮದ ಮೂಲಕವೇ ಹಾಯುತ್ತವೆ, ಹರಿತ್ತು ಕೂಡ ಆ ಹೊರಪದರದಲ್ಲಿಯೇ ಹೆಚ್ಚು. ಕಡಲನೀರಿನಲ್ಲಿ ಕರಗಿದ ಇಂಗಾಲದ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿ ಇರುವುದರಿಂದ ಅದನ್ನು ಬಳಸುವ ವಿದ್ಯೆಯೂ ಕಡಲಹುಲ್ಲುಗಳಿಗೆ ಒಲಿದಿದೆ.

ಹ್ಯಾಲೋಫಿಲಾ ಬೆಕ್ಕಾರಿಯ ವಿಶೇಷ ಇನ್ನೊಂದಿದೆ. ಅಳಿವೆಯಲ್ಲಿ ದಿನಕ್ಕೆರಡು ಸಲ ಏರಿಳಿಯುವ ಉಪ್ಪಿನಂಶವನ್ನು ಇದು ತಾಳಿಕೊಳ್ಳುತ್ತದೆ. ಹಾಗಾಗಿ ‘ಉಪ್ಪಿದ್ದರೆ ಸಾಕು’ ಎಂಬ ಊಹೆಯೂ ತಪ್ಪು, ‘ಉಪ್ಪು ಕಡಿಮೆಯಾದರೆ ಸಾಯುತ್ತದೆ’ ಎಂಬುದೂ ಅಷ್ಟೇ ತಪ್ಪು. ಇದರ ಬದುಕನ್ನು ತೀರ್ಮಾನಿಸುವುದು ಬೆಳಕು ಮತ್ತು ಬೇರಿನ ಸುತ್ತಲಿನ ಆಮ್ಲಜನಕ.

ನೀರಿಳಿದ ಕೆಸರನ್ನು ಬೆರಳಿನಿಂದ ಅಗೆದು ನೋಡಿ. ಮೇಲಿನ ಕೆಲವು ಮಿಲಿಮೀಟರ್ ಕಂದು, ಅದರ ಕೆಳಗೆ ಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪು ಪದರದಲ್ಲಿ ಆಮ್ಲಜನಕವಿಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಕಡಲನೀರಿನ ಸಲ್ಫೇಟನ್ನು ಸಲ್ಫೈಡ್ ಆಗಿ ಬದಲಿಸುತ್ತವೆ. ಸಲ್ಫೈಡ್ ಬೇರಿಗೆ ವಿಷ. ಹುಲ್ಲಿನ ಎಲೆ ಹಗಲಿನಲ್ಲಿ ತಯಾರಿಸಿದ ಆಮ್ಲಜನಕ ಗಾಳಿಕೊಳವೆಗಳ ಮೂಲಕ ಬೇರಿನ ತುದಿಗೆ ಇಳಿದು, ಸುತ್ತ ಒಂದು ತೆಳುವಾದ ಸುರಕ್ಷಿತ ವಲಯ ಮಾಡಿಕೊಡುತ್ತದೆ. ಬೆಳಕು ಕಡಿಮೆಯಾದರೆ ಈ ಪೂರೈಕೆ ತಗ್ಗುತ್ತದೆ, ಸಲ್ಫೈಡ್ ಒಳನುಗ್ಗುತ್ತದೆ, ಎಲೆಬುಡ ಕೊಳೆಯುತ್ತದೆ. ರಾತ್ರಿಯಲ್ಲಿ ಎಲೆ ಸುತ್ತಲಿನ ನೀರಿನಿಂದ ಆಮ್ಲಜನಕ ಎರವಲು ಪಡೆಯಬೇಕು. ನೀರು ಬಿಸಿಯಾಗಿ, ನಿಂತು, ಕೊಳೆಯುವ ಕಸದಿಂದ ತುಂಬಿದ್ದರೆ ಆ ಎರವಲೂ ಇಲ್ಲ. ಮೇಲ್ನೋಟಕ್ಕೆ ‘ಉಪ್ಪು ಹೆಚ್ಚಾಗಿ ಸತ್ತಿತು’ ಎಂದು ಕಾಣುವ ಎಷ್ಟೋ ಹಾಸುಗಳು ಸತ್ತಿರುವುದು ಹೀಗೆ ಉಸಿರುಗಟ್ಟಿ.

ದೊಡ್ಡ ಕಡಲಹುಲ್ಲುಗಳು ದಪ್ಪ ಬೇರುಕಾಂಡದಲ್ಲಿ ಪಿಷ್ಟವನ್ನು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಮಬ್ಬುನೀರನ್ನು ಸಹಿಸುತ್ತವೆ. ಹ್ಯಾಲೋಫಿಲಾಗಳ ಕಾಂಡ ದಾರದಷ್ಟು ತೆಳು, ಉಳಿತಾಯ ಅಲ್ಪ. ಆಸ್ಟ್ರೇಲಿಯದಲ್ಲಿ ಓವಾಲಿಸ್ ಹಾಸನ್ನು ಸಂಪೂರ್ಣ ಕತ್ತಲಲ್ಲಿಟ್ಟು ನೋಡಿದ ಪ್ರಯೋಗದಲ್ಲಿ ಅದು ಸುಮಾರು 30 ದಿನಗಳಲ್ಲಿ ಸತ್ತುಹೋಯಿತು. ಬೆಕ್ಕಾರಿ ಅದಕ್ಕಿಂತಲೂ ಪುಟ್ಟದು. ಇದಕ್ಕೆ ಪ್ರತಿಯಾಗಿ ಅದು ಬೆಳೆಸಿಕೊಂಡ ತಂತ್ರ ವೇಗ: ಬೇಗ ಹರಡುವುದು, ಬೇಗ ಹೂಬಿಡುವುದು, ಬೀಜ ಚೆಲ್ಲಿ ಮಾಯವಾಗುವುದು. ಒಂದೇ ಗಿಡದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಇರುತ್ತವೆ, ಪರಾಗವನ್ನು ಸಾಗಿಸುವುದು ನೀರು. ಮಿಲಿಮೀಟರಿನಷ್ಟು ಕಾಯಿಯೊಳಗೆ ಒಂದರಿಂದ ನಾಲ್ಕು ಬೀಜ. ಅವು ತೇಲಿ ದೂರ ಹೋಗುವ ಬೀಜಗಳಲ್ಲ, ತಾಯಿಗಿಡದ ಬುಡದ ಕೆಸರಿಗೇ ಬೀಳುತ್ತವೆ. ಮುಂಗಾರಿನಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗಿ, ಕೆಂಪಾಗಿ, ರಭಸವಾಗಿ ಹರಿಯುವಾಗ ನಮ್ಮ ಕರಾವಳಿಯ ಹಾಸುಗಳು ಬಹುಮಟ್ಟಿಗೆ ಅಳಿಯುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಕೆಸರಿನಲ್ಲಿ ಉಳಿದ ಬೀಜ ಮತ್ತು ಕಾಂಡದ ತುಣುಕುಗಳಿಂದ ಮತ್ತೆ ಏಳುತ್ತವೆ. ನೀವು ಜನವರಿಯಲ್ಲಿ ಹೋದದ್ದರಿಂದ ಕಂಡಿರಿ. ಆಗಸ್ಟಿನಲ್ಲಿ ಅದೇ ಜಾಗಕ್ಕೆ ಹೋಗಿ ‘ಕಡಲಹುಲ್ಲು ನಾಶವಾಗಿದೆ’ ಎಂದು ಬರೆದರೆ ಅದು ಅವಸರದ ತೀರ್ಪು.

ಕೊಡಗಿನ ಮಾತು ಬರುವುದು ಇಲ್ಲಿ. ತಲಕಾವೇರಿಯ ಬೆಟ್ಟಸಾಲಿನ ಪೂರ್ವಕ್ಕೆ ಬಿದ್ದ ಮಳೆ ಕಾವೇರಿಯಾಗಿ ಕೃಷ್ಣರಾಜಸಾಗರ, ಮೆಟ್ಟೂರುಗಳನ್ನು ದಾಟಿ ಬಂಗಾಳಕೊಲ್ಲಿಯ ಕಡೆ ಹೋಗುತ್ತದೆ. ದಾರಿಯ ಅಣೆಕಟ್ಟುಗಳಲ್ಲಿ ಹೂಳಿನ ದೊಡ್ಡ ಪಾಲು ಕೂತುಬಿಡುತ್ತದೆ. ಆ ಮುಖಜಭೂಮಿಯ ದಕ್ಷಿಣಕ್ಕೆ ಇರುವ ಪಾಕ್ ಕೊಲ್ಲಿಯಲ್ಲಿ ದೊಡ್ಡ ಜಾತಿಯ ಕಡಲಹುಲ್ಲುಗಳಿವೆ, ಅವನ್ನು ಮೇಯುವ ಕಡಲಹಸುವಿಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ 448 ಚದರ ಕಿ.ಮೀ. ಸಂರಕ್ಷಣಾ ಮೀಸಲು ಘೋಷಿಸಿದೆ. ಬೆಟ್ಟದ ಪಶ್ಚಿಮದ ಕಥೆಯೇ ಬೇರೆ. ತೇಜಸ್ವಿನಿಯ ಒಟ್ಟು ಉದ್ದ ಸುಮಾರು 64 ಕಿ.ಮೀ., ನಡುವೆ ದೊಡ್ಡ ಅಣೆಕಟ್ಟಿಲ್ಲ. ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿಗೆ ಇಳಿಯುತ್ತದೆ. ಬರಪೊಳೆ ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಬಳಿ ಕಡಲು ಸೇರುತ್ತದೆ. ಘಟ್ಟದಲ್ಲಿ ಕೆಂಪಾದ ನೀರು ಬೇಗನೆ ಅಳಿವೆ ಮುಟ್ಟುತ್ತದೆ.

ಅಳಿವೆಯಲ್ಲಿ ಅದಕ್ಕೆ ಏನಾಗುತ್ತದೆ? ಜೇಡಿಯ ಅತಿಸಣ್ಣ ಕಣಗಳು ಸಿಹಿನೀರಿನಲ್ಲಿ ಪರಸ್ಪರ ದೂಡಿಕೊಂಡು ತೇಲುತ್ತಲೇ ಇರುತ್ತವೆ. ಉಪ್ಪು ತಗಲಿದೊಡನೆ ಆ ದೂಡಾಟ ಕುಂದಿ, ಕಣಗಳು ಅಂಟಿಕೊಂಡು ಮುದ್ದೆಯಾಗಿ ತಳಕ್ಕೆ ಇಳಿಯುತ್ತವೆ. ಕೆಸರುಬಯಲು ಕಟ್ಟುವುದೇ ಹೀಗೆ. ಅಂದರೆ ಬೆಟ್ಟದ ಮಣ್ಣೇ ಈ ಹುಲ್ಲಿಗೆ ನೆಲ, ಬೆಟ್ಟದ ಮಣ್ಣೇ ಇದಕ್ಕೆ ಸಮಾಧಿ. ಯಾವುದು ಎಂಬುದು ಮಣ್ಣು ಬರುವ ತಿಂಗಳಿನ ಮೇಲೆ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹೂಳು ಬೀಜವಾಗಿ ಮಲಗಿರುವ ಗಿಡದ ಮೇಲೆ ಹಾಯುತ್ತದೆ; ಅದನ್ನು ಈ ಪ್ರಭೇದ ಸಾವಿರಾರು ವರ್ಷಗಳಿಂದ ನಿಭಾಯಿಸಿಕೊಂಡು ಬಂದಿದೆ. ನವೆಂಬರ್‌ನಿಂದ ಮೇವರೆಗೆ, ಗಿಡ ಎಲೆಬಿಟ್ಟು ನಿಂತಿರುವಾಗ, ನೀರು ವಾರಗಟ್ಟಲೆ ಕೆಂಪಾದರೆ ಅಥವಾ ಒಂದೆರಡು ಸೆಂಟಿಮೀಟರ್ ಹೂಳು ಒಮ್ಮೆಲೇ ಕೂತರೆ ಗೊಂಚಲು ಪೂರ್ತಿ ಹೂತುಹೋಗುತ್ತದೆ. ಇದರ ಎತ್ತರವೇ ಅಷ್ಟು.

ಕೊಡಗಿನ ಪಾಲನ್ನು ಉಬ್ಬಿಸಿ ಹೇಳುವುದೂ ಸರಿಯಲ್ಲ. ತೇಜಸ್ವಿನಿಯ ಜಲಾನಯನದ ಹೆಚ್ಚಿನ ಭಾಗ ಕೇರಳದಲ್ಲಿದೆ. ಕರಿಕೆ ಕಡೆಯ ಮೇಲ್ಭಾಗ ಬಹುಪಾಲು ಕಾಡು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಹೊರಬರುವ ನೀರಿನ ಬಗ್ಗೆ ಜನ ಮೊದಲು ಕೇಳುತ್ತಾರೆ. ಅದು ಹುಳಿ, ಸಕ್ಕರೆ, ಲೋಳೆ ತುಂಬಿದ ನೀರು. ಹೊಳೆಗೆ ಬಿಟ್ಟರೆ ಆಮ್ಲಜನಕ ಕುಡಿದು ಅಲ್ಲಿನ ಮೀನನ್ನು ಕೊಲ್ಲುತ್ತದೆ, ಬಿಡಲೇಬಾರದು. ಆದರೆ ಅದರ ಕೆಡುಕು ಹೊಳೆಯ ಮೇಲ್ಭಾಗದಲ್ಲಿಯೇ ತೀರುತ್ತದೆ, ಅಷ್ಟು ದೂರದ ಕಡಲಹುಲ್ಲಿನ ಸಾವನ್ನು ಅದರ ತಲೆಗೆ ಕಟ್ಟಲು ಬರುವುದಿಲ್ಲ. ಹೊಳೆಯಗುಂಟ ಕೊನೆಯವರೆಗೂ ಹೋಗುವುದು ಸಣ್ಣ ಜೇಡಿ. ತೋಟದವರು ಮಾಡಬಹುದಾದದ್ದು ಹೊಸದೇನಲ್ಲ. ಇಳಿಜಾರಿಗೆ ಅಡ್ಡಲಾಗಿ, ಸಾಲುಗಳ ನಡುವೆ, ಒಂದರ ನೇರಕ್ಕೆ ಒಂದು ಬಾರದಂತೆ 30 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ತೊಟ್ಟಿಲು ಗುಂಡಿ ತೆಗೆಯುವುದು, ಹಿಂದಿನ ವರ್ಷದ್ದು ತುಂಬಿದ್ದರೆ ಮಣ್ಣಿನಲ್ಲಿ ತೇವ ಇರುವಾಗಲೇ ಬಿಡಿಸುವುದು. ಗುಂಡಿಯನ್ನು ಇಳಿಜಾರಿನ ದಿಕ್ಕಿಗೆ ತೆಗೆದರೆ ಅದು ಮಣ್ಣು ಹಿಡಿಯುವ ಬದಲು ಕಾಲುವೆಯಾಗಿ ಮಣ್ಣನ್ನೇ ಕೊಂಡೊಯ್ಯುತ್ತದೆ; ಅವಸರದ ಕೂಲಿ ಕೆಲಸದಲ್ಲಿ ಆಗುವ ತಪ್ಪು ಇದೇ. ಜೆಸಿಬಿಯಿಂದ ರಸ್ತೆ ಕಡಿದ ಮಣ್ಣನ್ನು, ಕೆರೆಯ ಹೂಳನ್ನು ತೋಡಿನ ಪಕ್ಕ ಗುಡ್ಡೆ ಹಾಕಬೇಡಿ. ಮಾರ್ಚ್–ಏಪ್ರಿಲ್‌ನ ಒಂದು ಗುಡುಗುಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಅದೂ ಕೆಳಗೆ ಹುಲ್ಲು ನಿಂತಿರುವ ಹೊತ್ತಿನಲ್ಲಿ.

ಈಗ ಕೆರೆಯ ಲೆಕ್ಕ. 20 ಮೀಟರ್ ಉದ್ದ, 15 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಸಾಧಾರಣ ತೋಟದ ಕೆರೆ ಎಂದುಕೊಳ್ಳಿ. 450 ಘನಮೀಟರ್, ಅಂದರೆ 4.5 ಲಕ್ಷ ಲೀಟರ್ ನೀರು. ಕಡಲಿನ ಅರ್ಧದಷ್ಟು, ಲೀಟರಿಗೆ 17 ಗ್ರಾಂ ಎಂದರೂ 7,650 ಕಿಲೋ ಉಪ್ಪು ಬೇಕು. ಅಷ್ಟು ಸುರಿದರೂ ಅದು ಕಡಲನೀರಲ್ಲ. ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಕಡಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಅದರಲ್ಲಿಲ್ಲ. ನಿಮ್ಮ ಭಾಗದ ಮಳೆ ವರ್ಷಕ್ಕೆ 5,000 ಮಿ.ಮೀ. ದಾಟುತ್ತದೆ. ಒಂದೂವರೆ ಮೀಟರ್ ಆಳದ ಕೆರೆಯ ಮೇಲೆ ಐದು ಮೀಟರ್ ಮಳೆ ಸುರಿದರೆ ಆಗಸ್ಟಿನ ಹೊತ್ತಿಗೆ ಹಾಕಿದ ಉಪ್ಪು ಕೋಡಿ ದಾಟಿ ಗದ್ದೆಗೆ ಹೋಗಿರುತ್ತದೆ. ಮಳೆಗಾಲಕ್ಕೆ ಮೊದಲು ಅದೇ ನೀರನ್ನು ಹೂಮಳೆಗೆಂದು (ಹೂ ಅರಳಿಸಲು) ಸ್ಪ್ರಿಂಕ್ಲರಿನಲ್ಲಿ ಕಾಫಿಗೆ ಹಾಯಿಸಿದರೆ ಎಲೆ ಸುಟ್ಟು, ಮಣ್ಣಿನಲ್ಲಿ ಸೋಡಿಯಂ ಉಳಿಯುತ್ತದೆ. ಕೆರೆಯ ಮೀನು, ಕಪ್ಪೆಯ ಗತಿ ಹೇಳಬೇಕಿಲ್ಲ.

ಇದೆಲ್ಲ ಹೇಗೋ ಸರಿಹೋಯಿತು ಎನ್ನೋಣ. ಆದರೂ ಕೆರೆಯಲ್ಲಿ ಉಬ್ಬರವಿಳಿತವಿಲ್ಲ. ಒಂದೂವರೆ ಮೀಟರ್ ಮಬ್ಬುನೀರಿನ ತಳದಲ್ಲಿ ಈ ಗಿಡಕ್ಕೆ ಬೆಳಕು ಸಾಲದು; ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರೇ ಸರಿದು ಬಿಸಿಲು ಸಿಗುವುದರಿಂದಲೇ ಅದು ಕೆಸರುನೀರಿನ ನಡುವೆ ಬದುಕುತ್ತದೆ. ಸಿಲ್ವರ್ ಓಕ್, ಅತ್ತಿಯ ತರಗೆಲೆ ಕೊಳೆಯುವ ತಳಕ್ಕೆ ನಿಜವಾದ ಕಡಲಲವಣದ ಸಲ್ಫೇಟ್ ಸೇರಿಸಿದರೆ, ಮೇಲೆ ಹೇಳಿದ ಸಲ್ಫೈಡ್ ತಯಾರಿಕೆಗೆ ನೀವೇ ಕಚ್ಚಾ ಸಾಮಗ್ರಿ ಒದಗಿಸಿದಂತೆ. ಇಂಗಾಲ ಹಿಡಿದಿಡಲು ಕಡಲಹುಲ್ಲು ಒಳ್ಳೆಯದು ಎಂಬ ಮಾತು ನಿಜ, ಆದರೆ ಅದು ಕಡಲತಳದ ಕೆಸರಿನ ಗುಣ, ಗಿಡವನ್ನು ಹೊತ್ತೊಯ್ದಲ್ಲೆಲ್ಲ ಬರುವ ಗುಣವಲ್ಲ.

ಶಾಲೆಯಲ್ಲಿ ಮಾಡಬಹುದಾದ ಮೂರು ಪ್ರಯೋಗಗಳಿವೆ, ಮೂರಕ್ಕೂ ಕೆರೆಯ ಹೈಡ್ರಿಲ್ಲಾ ಮತ್ತು ತೋಟದ ಮಣ್ಣು ಸಾಕು.

ಮೊದಲನೆಯದು ಮಣ್ಣು ಕೂರುವ ಆಟ. ತೋಟದ ಕೆಂಪುಮಣ್ಣಿನ ಎರಡು ದೊಡ್ಡ ಚಮಚವನ್ನು 2 ಲೀಟರ್ ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು, ಮರಳು ಕೂತ ಮೇಲೆ ಮೇಲಿನ ಕೆಂಪುನೀರನ್ನು ಎರಡು ಗಾಜಿನ ಬಾಟಲಿಗೆ ಸಮನಾಗಿ ಬಗ್ಗಿಸಿ. ಒಂದಕ್ಕೆ ಲೀಟರಿಗೆ 10 ಗ್ರಾಂನಂತೆ ಹರಳುಪ್ಪು ಹಾಕಿ ಎರಡನ್ನೂ ಒಂದೇ ಥರ ಅಲ್ಲಾಡಿಸಿ ಇಡಿ. ಒಂದೆರಡು ಪಿರಿಯಡ್ ಮುಗಿಯುವುದರೊಳಗೆ ಉಪ್ಪಿನ ಬಾಟಲಿಯ ಮೇಲ್ಭಾಗ ತಿಳಿಯಾಗುತ್ತ ಬಂದು ತಳದಲ್ಲಿ ಹಿಂಜಿದ ಹತ್ತಿಯಂಥ ಪದರ ಕೂರುತ್ತದೆ. ಇನ್ನೊಂದು ಮರುದಿನವೂ ಕೆಂಪಾಗಿಯೇ ಇರಬಹುದು. ಪ್ಯಾಕೆಟ್ಟಿನ ಪುಡಿ ಉಪ್ಪು ಬೇಡ, ಅದು ಮುದ್ದೆಗಟ್ಟದಿರಲು ಬೆರೆಸಿದ ಪುಡಿಯಿಂದಲೇ ನೀರು ಮಂಜಾಗುತ್ತದೆ. ವ್ಯತ್ಯಾಸ ಕಾಣದಿದ್ದರೆ ಮಣ್ಣು ತೀರಾ ಮರಳಾಗಿದೆ ಎಂದರ್ಥ. ಗದ್ದೆಯ ಜೇಡಿ ತೆಗೆದುಕೊಳ್ಳಿ.

ಎರಡನೆಯದು ಬೆಳಕು. ಹೈಡ್ರಿಲ್ಲಾದ 10 ಸೆಂ.ಮೀ. ತುದಿಯನ್ನು ಓರೆಯಾಗಿ ಕತ್ತರಿಸಿ, ಕತ್ತರಿಸಿದ ಬದಿ ಮೇಲೆ ಬರುವಂತೆ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ. ನೀರಿಗೆ ಲೀಟರಿಗೆ ಅರ್ಧ ಗ್ರಾಂ ಅಡುಗೆ ಸೋಡ ಹಾಕಿ. 20 ಸೆಂ.ಮೀ. ದೂರದಲ್ಲಿ ಎಲ್‌ಇಡಿ ದೀಪ. ಐದು ನಿಮಿಷ ಹೊಂದಿಕೊಳ್ಳಲು ಬಿಟ್ಟು ನಿಮಿಷಕ್ಕೆ ಎಷ್ಟು ಗುಳ್ಳೆ ಏಳುತ್ತವೆ ಎಣಿಸಿ. ಬಳಿಕ ದೀಪಕ್ಕೂ ಲೋಟಕ್ಕೂ ನಡುವೆ ಮೊದಲು ತಿಳಿನೀರಿನ ಬಾಟಲಿ, ಆಮೇಲೆ ಕೆಂಪುನೀರಿನ ಬಾಟಲಿ ಇಟ್ಟು ಎಣಿಸಿ. ಗುಳ್ಳೆಯೇ ಬಾರದಿದ್ದರೆ ಕಾಂಡದ ತುದಿ ಜಜ್ಜಿಹೋಗಿದೆ, ಹೊಸ ಬ್ಲೇಡಿನಲ್ಲಿ ಮತ್ತೆ ಕತ್ತರಿಸಿ. ಇದೇ ಕಾಂಡದ ತೆಳು ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿಕೊಳವೆಗಳು ಎದ್ದು ಕಾಣುತ್ತವೆ. ಕಡಲಹುಲ್ಲಿನಲ್ಲಿ ಬೇರಿಗೆ ಆಮ್ಲಜನಕ ಇಳಿಯುವುದು ಇಂಥವುಗಳಲ್ಲಿಯೇ.

ಮೂರನೆಯದು ಸುಲಭ. ಹೈಡ್ರಿಲ್ಲಾದ ಒಂದೊಂದು ಎಲೆಯನ್ನು ಲೀಟರಿಗೆ 0, 5, 10, 20, 35 ಗ್ರಾಂ ಉಪ್ಪಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಗಾಢ ದ್ರಾವಣಗಳಲ್ಲಿ ಹಸಿರು ಕೋಶರಸ ಗೋಡೆಯಿಂದ ಸರಿದು ನಡುವಿಗೆ ಮುದುಡಿರುತ್ತದೆ. ಒಂದೇ ಕುಟುಂಬದ ಇನ್ನೊಂದು ಗಿಡ ಇದೇ ನೀರಿನಲ್ಲಿ ಸಲೀಸಾಗಿ ಇರುತ್ತದೆ ಎಂದು ಆಗ ಹೇಳಿದರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ.

ಮುಂದಿನ ಸಲ ಕವ್ವಾಯಿಗೆ ಹೋಗುವುದಾದರೆ ಸುಮ್ಮನೆ ನೋಡಿಕೊಂಡು ಬರುವ ಬದಲು ಅಳೆದು ಬನ್ನಿ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಎರಡು ಮೂರು ದಿನ ಆರಿಸಿ. ಇಳಿತ ಹೆಚ್ಚಿರುವುದು ಆಗ. ಬಂದರಿನ ಉಬ್ಬರವಿಳಿತದ ಪಟ್ಟಿಯಲ್ಲಿ ಕಾಣುವ ಹೊತ್ತಿಗಿಂತ ಹಿನ್ನೀರಿನ ಒಳಭಾಗದಲ್ಲಿ ಇಳಿತ ತಡವಾಗಿ ಬರುತ್ತದೆ. ಎಷ್ಟು ತಡ ಎಂಬುದನ್ನು ಮರುವಾಯಿ (ಕೆಸರಿನ ಚಿಪ್ಪುಜೀವಿ) ಹೆಕ್ಕುವವರನ್ನು ಕೇಳಿ, ಅವರ ಲೆಕ್ಕ ಪಟ್ಟಿಗಿಂತ ಖಚಿತ. ಇಳಿತದ ಒಂದೂವರೆ ಗಂಟೆ ಮೊದಲೇ ಸ್ಥಳದಲ್ಲಿರಬೇಕು. ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ, ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ. ಬಿಗಿಯಾಗಿ ಕಟ್ಟುವ ಕ್ಯಾನ್ವಾಸ್ ಬೂಟು ಸರಿ.

ಅರ್ಧ ಇಂಚಿನ ಪಿವಿಸಿ ಪೈಪಿನ 50 ಸೆಂ.ಮೀ.ನ ನಾಲ್ಕು ತುಂಡು, ನಾಲ್ಕು ಎಲ್ಬೋ ಸೇರಿಸಿ ಒಂದು ಚೌಕ ಮಾಡಿ. ಪೈಪಿಗೆ ಅಲ್ಲಲ್ಲಿ ರಂಧ್ರ ಕೊರೆಯಿರಿ, ಇಲ್ಲದಿದ್ದರೆ ನೀರಿರುವಲ್ಲಿ ತೇಲುತ್ತದೆ. ದಾರ ಕಟ್ಟಿ 25 ಮನೆ ಮಾಡಿದರೆ ಒಂದು ಮನೆಗೆ 4 ಶೇಕಡಾ. 50 ಮೀಟರಿನ ಮೂರು ಗೆರೆ, ಗೆರೆಯಿಂದ ಗೆರೆಗೆ 25 ಮೀಟರ್, ಪ್ರತಿ 5 ಮೀಟರಿಗೆ ಒಂದು ಚೌಕ: ಗೆರೆಗೆ 11ರಂತೆ ಒಟ್ಟು 33. ಗೆರೆಯ ಒಂದೇ ಮಗ್ಗುಲಲ್ಲಿ ನಡೆದು ಇನ್ನೊಂದು ಮಗ್ಗುಲಲ್ಲಿ ಚೌಕ ಇಟ್ಟರೆ ಅಳೆಯುವ ಜಾಗವನ್ನು ತುಳಿಯುವುದಿಲ್ಲ. ಪ್ರತಿ ಚೌಕದಲ್ಲಿ ಹುಲ್ಲು ಎಷ್ಟು ಶೇಕಡಾ, ಪಾಚಿ ಎಷ್ಟು, ಕೆಸರೋ ಮರಳೋ, ಮರುವಾಯಿ ಅಗೆದ ಗುರುತು ಇದೆಯೋ ಎಂದು ಬರೆಯಿರಿ. ನೇರ ಮೇಲಿನಿಂದ, ನೆರಳು ಬೀಳದಂತೆ ಒಂದು ಫೋಟೋ. ಎಲೆಯ ಮೇಲೆ ಕೆಸರು ಒಣಗಿದ್ದರೆ ಹುಲ್ಲು ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಮೊದಲು ಒಂದು ಮಗ್ ನೀರು ಮೆಲ್ಲಗೆ ಚಿಮುಕಿಸಿ. ಇಬ್ಬರು ಮಕ್ಕಳು ಒಂದೇ ಚೌಕವನ್ನು ಒಬ್ಬರಿಗೊಬ್ಬರು ಹೇಳದೆ ಅಂದಾಜಿಸಲಿ; 10 ಶೇಕಡಾಕ್ಕಿಂತ ಹೆಚ್ಚು ಅಂತರ ಬಂದರೆ ಮನೆಗಳನ್ನು ಎಣಿಸಿ ಮತ್ತೆ ಮಾಡಬೇಕು. ಉಪ್ಪಿನಂಶಕ್ಕೆ ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು, ಆದರೆ ಬಟ್ಟಿ ಇಳಿಸಿದ ನೀರಿನಲ್ಲಿ ಸೊನ್ನೆಗೆ ಹೊಂದಿಸದೆ ಓದಿದ ಅಂಕಿಗೆ ಬೆಲೆಯಿಲ್ಲ. ಹೊಳೆನೀರಿನದ್ದನ್ನೂ ಕೆಸರಿನಲ್ಲಿ 10 ಸೆಂ.ಮೀ. ಗುಳಿ ತೋಡಿ ಒಸರಿದ ನೀರಿನದ್ದನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಬೇರು ಅನುಭವಿಸುವುದು ಎರಡನೆಯದನ್ನು.

ಬೇರು ಸಹಿತ ಗಿಡ ಕಿತ್ತು ತರುವುದು ಬೇಡ. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಕಡಲಹುಲ್ಲಿನ ಹಾಸುಗಳನ್ನು ಅತಿ ಕಟ್ಟುನಿಟ್ಟಿನ ಸಿಆರ್‌ಝಡ್ 1ಎ ವರ್ಗದಲ್ಲಿ ಇರಿಸಿವೆ. ತೇಲಿಬಂದ ಎಳೆಯನ್ನು ಶಾಲೆಯ ಸಂಗ್ರಹಕ್ಕೆ ಇಡುವುದಾದರೆ ಸಿಹಿನೀರಿನಲ್ಲಿ ಮೂರು ಸಲ ಅದ್ದಿ ತೆಗೆಯಿರಿ. ತಟ್ಟೆಯ ನೀರಿನಲ್ಲಿ ತೇಲಿಸಿ, ಕೆಳಗಿನಿಂದ ದಪ್ಪ ಕಾಗದ ತೂರಿಸಿ ಎತ್ತಿದರೆ ಎಲೆಗಳು ಬಿಡಿಯಾಗಿ ಹರಡಿಕೊಳ್ಳುತ್ತವೆ. ಮೇಲೆ ತೆಳು ಹತ್ತಿಬಟ್ಟೆ, ಆಮೇಲೆ ಪತ್ರಿಕೆ, ಅದರ ಮೇಲೆ ಭಾರ. ಪತ್ರಿಕೆಯನ್ನು ಐದಾರು ದಿನ ದಿನವೂ ಬದಲಿಸಿ. ಉಪ್ಪು ತೊಳೆಯದೆ ಒಣಗಿಸಿದ ಹಾಳೆ ಫೆಬ್ರುವರಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಜುಲೈನಲ್ಲಿ ಅದೇ ಉಪ್ಪು ಕೊಡಗಿನ ತೇವವನ್ನೆಲ್ಲ ಹೀರಿ ಹಾಳೆಗೆ ಬೂಸ್ಟು ಹಿಡಿಸುತ್ತದೆ. ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಹರಳಿನ ಪೊಟ್ಟಣದ ಜೊತೆ ಇಟ್ಟು, ಹರಳಿನ ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಿ. ಚೀಟಿಯಲ್ಲಿ ಸಿಕ್ಕ ಜಾಗ, ದಿನ, ಇಳಿತದ ಹೊತ್ತು, ಎರಡೂ ಉಪ್ಪಿನಂಶ, ‘ತೇಲಿಬಂದದ್ದು’ ಎಂಬ ಮಾತು, ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಳೆಗಾಲಕ್ಕೆ ಹರಡುತ್ತದೆ.